ಸಂಬಳದ ಮಿತಿಯೊಳಗೆ ತಂಡ ಕಟ್ಟುವ ಲೆಕ್ಕ: ‘ಓವರ್ ದ ಕ್ಯಾಪ್’ ಬಳಸಿದ ಅನುಭವ

ಬೆಳಗಾವಿಯಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಆಡುವ ಆಟ. ಕ್ಯಾಂಪಿನ ಹುಡುಗರು ಮಳೆಗಾಲದ ಕೆಸರಿನಲ್ಲಿ ಆಡುವುದೂ ಅದನ್ನೇ, ಟಿಳಕವಾಡಿಯ ಲೇಲೆ ಮೈದಾನದಲ್ಲಿ ಜನ ನಿಂತು ನೋಡುವುದೂ ಅದನ್ನೇ. ಅಂಥ ಊರಿನಲ್ಲಿದ್ದುಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಫುಟ್‌ಬಾಲಿನ ಕುರಿತು, ಅದರಲ್ಲಿಯೂ ಆಟವೇ ನಡೆಯದ ತಿಂಗಳುಗಳಲ್ಲಿ ಅದರ ತಂಡಗಳು ಹಾಕುವ ಸಂಬಳದ ಲೆಕ್ಕದ ಕುರಿತು, ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಾನು ವಿಮರ್ಶೆ ಬರೆಯಲು ಕುಳಿತಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಇದಕ್ಕೆ ಕಾರಣ ಡೆನ್ವರ್ ನಗರದಲ್ಲಿ ನೌಕರಿಯಲ್ಲಿರುವ ನನ್ನ ಅಣ್ಣನ ಮಗ. 2024ರ ಮಾರ್ಚ್‌ನಲ್ಲಿ ಅವನು ಫೋನ್ ಮಾಡಿ, “ಕಾಕಾ, ನಮ್ಮ ಟೀಮಿನವರು ಒಬ್ಬನ್ನ ಮನಿಗೆ ಕಳಿಸ್ಯಾರ, ಆದ್ರೂ ಅವನ ರೊಕ್ಕ ಇನ್ನೂ ಎರಡು ವರ್ಷ ಲೆಕ್ಕದಾಗ ಇರ್ತೈತಂತ. ಇದು ಯಾವ ಲೆಕ್ಕ ರೀ?” ಎಂದು ಕೇಳಿದ. ಆಟದ ಪ್ರಶ್ನೆಯಾಗಿದ್ದರೆ ನಾನು ನಕ್ಕು ಬಿಟ್ಟುಬಿಡುತ್ತಿದ್ದೆ. ಲೆಕ್ಕದ ಪ್ರಶ್ನೆಯಾದ್ದರಿಂದ ಬಿಡಲಾಗಲಿಲ್ಲ.

ಮೊದಲು ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ತಂಡದ ಮ್ಯಾನೇಜರ್ ಆಗಿ ಆಡುವ ಒಂದು ಮೊಬೈಲ್ ಆಟವನ್ನು ಹಣ ಕೊಟ್ಟು ಇಳಿಸಿಕೊಂಡೆ. ಅದರ ಹೆಸರು ಇಲ್ಲಿ ಬೇಡ. ಅದರಲ್ಲಿ ಸಂಬಳದ ಮಿತಿ ಎಂಬುದೇನೋ ಇತ್ತು, ಆದರೆ ಮಿತಿ ದಾಟಿದಾಗಲೆಲ್ಲ ಇನ್ನಷ್ಟು ಹಣ ಕೊಟ್ಟು ‘ನಾಣ್ಯ’ ಖರೀದಿಸಿದರೆ ಮಿತಿಯೇ ಮೇಲೇರುತ್ತಿತ್ತು. ನಮ್ಮ ಫೌಂಡ್ರಿಯಲ್ಲಿ ಯಾರಾದರೂ ಬಜೆಟ್ಟನ್ನು ಹಾಗೆ ನಡೆಸಿದ್ದರೆ ಬ್ಯಾಂಕಿನವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಾಲ್ಕು ದಿನದಲ್ಲಿ ಅದನ್ನು ತೆಗೆದುಹಾಕಿದೆ. ಆಗ ಅಣ್ಣನ ಮಗ ತೋರಿಸಿದ್ದು ‘ಓವರ್ ದ ಕ್ಯಾಪ್’ ಎಂಬ ಜಾಲತಾಣವನ್ನು, ಮತ್ತು ಅದರೊಳಗಿನ ಕ್ಯಾಲ್ಕುಲೇಟರನ್ನು. ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ 32 ತಂಡಗಳ ಆಟಗಾರರ ಒಪ್ಪಂದಗಳನ್ನು ಅದು ಸಾಲುಸಾಲಾಗಿ ಇಟ್ಟಿದೆ. ಯಾವುದಾದರೂ ಒಂದು ತಂಡವನ್ನು ಆರಿಸಿಕೊಂಡು, ಯಾರನ್ನು ಉಳಿಸಬೇಕು, ಯಾರನ್ನು ಕೈಬಿಡಬೇಕು, ಯಾರ ಒಪ್ಪಂದವನ್ನು ತಿದ್ದಬೇಕು ಎಂದು ನಾವೇ ಪ್ರಯೋಗ ಮಾಡಿ ನೋಡಬಹುದು. ಇದು ಲೀಗಿನ ಅಧಿಕೃತ ಲೆಕ್ಕಪುಸ್ತಕವಲ್ಲ, ಹೊರಗಿನವರು ಕಟ್ಟಿಕೊಂಡು ಬಂದದ್ದು ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ನಮ್ಮ ಓದುಗರಿಗೆ ಐಪಿಎಲ್ ಲೆಕ್ಕ ಪರಿಚಿತವಾದದ್ದು. 2025ರ ಸಾಲಿಗೆ ಪ್ರತಿ ತಂಡದ ಬೊಕ್ಕಸ 120 ಕೋಟಿ ರೂಪಾಯಿ. ನಮ್ಮ ಆರ್‌ಸಿಬಿ ವಿರಾಟ್ ಕೊಹ್ಲಿಗೆ 21, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಎಂದು ಒಟ್ಟು 37 ಕೋಟಿಯನ್ನು ತೆಗೆದಿರಿಸಿ, ಉಳಿದ 83 ಕೋಟಿಯೊಂದಿಗೆ ಹರಾಜಿಗೆ ಕುಳಿತಿತು. ಒಬ್ಬ ಆಟಗಾರನ ಬೆಲೆ ಎಷ್ಟೋ ಆ ಸಾಲಿನ ಬೊಕ್ಕಸದಿಂದ ಅಷ್ಟೂ ಹೋಗುತ್ತದೆ. ಕೂಡಿಸುವುದು, ಕಳೆಯುವುದು, ಮುಗಿಯಿತು. ಅಮೆರಿಕದ ಲೆಕ್ಕ ಹಾಗಿಲ್ಲ. ಅಲ್ಲಿ 1994ರಲ್ಲಿ ಮೊದಲ ಬಾರಿಗೆ ಮಿತಿ ಬಂದಾಗ ಅದು ತಂಡಕ್ಕೆ 3.46 ಕೋಟಿ ಡಾಲರ್ ಇತ್ತು, 2024ರಲ್ಲಿ 25.54 ಕೋಟಿಗೆ, 2025ರಲ್ಲಿ 27.92 ಕೋಟಿಗೆ ಏರಿತು. ಆದರೆ ಇಂದು ಕೊಟ್ಟ ರೊಕ್ಕ ಇಂದಿನ ಖಾತೆಗೇ ಬರೆಯಲ್ಪಡಬೇಕೆಂಬ ನಿಯಮ ಅಲ್ಲಿಲ್ಲ. ಒಪ್ಪಂದಕ್ಕೆ ಸಹಿ ಹಾಕುವಾಗ ಕೈಗೆ ಕೊಡುವ ಸೈನಿಂಗ್ ಬೋನಸನ್ನು ಒಪ್ಪಂದದ ವರ್ಷಗಳಿಗೆ, ಹೆಚ್ಚೆಂದರೆ 5 ವರ್ಷಗಳಿಗೆ, ಸಮನಾಗಿ ಹಂಚಿ ಬರೆಯಬಹುದು. ಒಬ್ಬ ಆಟಗಾರ ಈ ವರ್ಷ ನಿಜವಾಗಿ ಪಡೆದ ಹಣಕ್ಕೂ ಈ ವರ್ಷದ ಮಿತಿಯಲ್ಲಿ ಅವನ ಹೆಸರಿನ ಮುಂದೆ ಬರೆದ ಹಣಕ್ಕೂ ಸಂಬಂಧವೇ ಇರಬೇಕಿಲ್ಲ ಎಂಬುದು ಇಡೀ ವಿದ್ಯೆಯ ಮೂಲ.

ಇದನ್ನು ಓದಿದ ಕೂಡಲೇ ನನಗೆ ಕಣ್ಣಮುಂದೆ ಬಂದದ್ದು ನಮ್ಮ ಇಂಡಕ್ಷನ್ ಫರ್ನೆಸ್. ಅದನ್ನು ಖರೀದಿಸಿದ ವರ್ಷವೇ ಅದರ ಪೂರ್ತಿ ಬೆಲೆಯನ್ನು ನಾವು ಖರ್ಚಿಗೆ ಹಾಕುವುದಿಲ್ಲ. ವರ್ಷವರ್ಷವೂ ಸವಕಳಿಯೆಂದು ಸ್ವಲ್ಪ ಸ್ವಲ್ಪ ಬರೆಯುತ್ತೇವೆ. ಅದು ನಡುವೆಯೇ ಕೆಟ್ಟು ಗುಜರಿಗೆ ಹೋದರೆ, ಪುಸ್ತಕದಲ್ಲಿ ಇನ್ನೂ ಉಳಿದಿದ್ದ ಬೆಲೆಯೆಲ್ಲ ಆ ವರ್ಷದ ನಷ್ಟವಾಗಿ ಒಮ್ಮೆಲೇ ಬಂದು ಬೀಳುತ್ತದೆ. ಅಮೆರಿಕದವರು ಇದನ್ನೇ ‘ಡೆಡ್ ಮನಿ’ ಎನ್ನುತ್ತಾರೆ. ಆಟಗಾರ ತಂಡದಲ್ಲಿಲ್ಲ, ಅವನಿಗೆ ಕೊಟ್ಟ ರೊಕ್ಕದ ಬರೆಯದೆ ಉಳಿದ ಪಾಲು ಮಾತ್ರ ಲೆಕ್ಕದಲ್ಲಿದೆ. ಅಣ್ಣನ ಮಗನಿಗೆ ಫರ್ನೆಸ್ಸಿನ ಕತೆ ಹೇಳಿದ ಮೇಲೆ ಅವನಿಗೆ ಒಂದೇ ಸಲಕ್ಕೆ ತಿಳಿಯಿತು.

ಈಗ ಉಪಕರಣದ ವಿಷಯಕ್ಕೆ ಬರುತ್ತೇನೆ. ತಂಡದ ಪುಟವನ್ನು ತೆರೆದರೆ ಪ್ರತಿ ಆಟಗಾರನ ಎದುರು ಮೂಲ ಸಂಬಳ, ಹಂಚಿ ಬರೆದ ಬೋನಸ್ಸಿನ ಈ ವರ್ಷದ ಪಾಲು, ಇತರ ಬೋನಸ್ಸುಗಳು, ಇವೆಲ್ಲ ಕೂಡಿದ ಮಿತಿಯ ಅಂಕಿ, ಹೀಗೆ ಅಂಕಣಗಳಿವೆ. ಅದರ ಮುಂದಿನ ಎರಡು ಅಂಕಣಗಳೇ ಈ ಜಾಲತಾಣದ ಜೀವ: ಇವನನ್ನು ಬಿಟ್ಟರೆ ಉಳಿಯುವುದೆಷ್ಟು, ಸತ್ತ ಹಣವಾಗಿ ಕೂರುವುದೆಷ್ಟು ಎಂಬುದು ಅಕ್ಕಪಕ್ಕದಲ್ಲಿರುತ್ತದೆ. ಕೈಬಿಡುವುದು, ಬೇರೆ ತಂಡಕ್ಕೆ ಕೊಡುವುದು, ಒಪ್ಪಂದವನ್ನು ತಿದ್ದುವುದು, ವಿಸ್ತರಿಸುವುದು, ಹೀಗೆ ಒಂದೊಂದು ಕ್ರಮಕ್ಕೂ ಬೇರೆ ಬೇರೆ ಅಂಕಿ ಸಿಗುತ್ತದೆ. ಜೂನ್ 1ಕ್ಕೆ ಮೊದಲು ಮಾಡಿದರೊಂದು, ಅನಂತರ ಮಾಡಿದರೆ ಇನ್ನೊಂದು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ತೋರಿಸುತ್ತೇನೆ. ಇದರ ಅಂಕಿಗಳು ನಾನು ಸುಲಭಕ್ಕೆಂದು ಹಾಕಿಕೊಂಡವು. 4 ವರ್ಷದ ಒಪ್ಪಂದದ ಆಟಗಾರನಿಗೆ 2 ಕೋಟಿ ಡಾಲರ್ ಸೈನಿಂಗ್ ಬೋನಸ್ ಕೊಡಲಾಗಿದೆ ಎಂದುಕೊಳ್ಳಿ. ವರ್ಷಕ್ಕೆ 50 ಲಕ್ಷದಂತೆ ಅದು ಹಂಚಿಹೋಗುತ್ತದೆ. ಮೂರನೆಯ ವರ್ಷ ಅವನ ಮೂಲ ಸಂಬಳ 1.2 ಕೋಟಿ, ಅದಕ್ಕೆ ಖಾತರಿ ಇಲ್ಲ, ಅಂದರೆ ಅವನನ್ನು ಬಿಟ್ಟರೆ ಅದನ್ನು ಕೊಡಬೇಕಿಲ್ಲ. ಬೋನಸ್ಸಿನ ಪಾಲು ಸೇರಿ ಮಿತಿಯಲ್ಲಿ ಅವನ ಅಂಕಿ 1.7 ಕೋಟಿ. ಮೂರನೆಯ ವರ್ಷ ಆರಂಭವಾಗುವ ಮಾರ್ಚ್‌ನಲ್ಲಿ ಅವನನ್ನು ಬಿಟ್ಟರೆ, ಇನ್ನೂ ಬರೆಯಬೇಕಾದ ಎರಡು ವರ್ಷದ ಬೋನಸ್ಸು, ಅಂದರೆ 1 ಕೋಟಿ, ಒಟ್ಟಿಗೆ ಈ ವರ್ಷವೇ ಬಂದು ಬೀಳುತ್ತದೆ. ಉಳಿಯುವುದು 70 ಲಕ್ಷ ಮಾತ್ರ. ಜೂನ್ 1ರ ನಂತರ ಬಿಟ್ಟರೆ ಈ ವರ್ಷ 50 ಲಕ್ಷ, ಮುಂದಿನ ವರ್ಷ 50 ಲಕ್ಷ ಎಂದು ಸತ್ತ ಹಣ ಎರಡು ಪಾಲಾಗುತ್ತದೆ. ಈ ವರ್ಷ ಉಳಿಯುವುದು 1.2 ಕೋಟಿ. ಮೇಲುನೋಟಕ್ಕೆ ಎರಡನೆಯದೇ ಲಾಭವೆನಿಸುತ್ತದೆ. ಮಾರ್ಚ್‌ನಲ್ಲಿಯೇ ಆಟಗಾರನನ್ನು ಬಿಟ್ಟು ‘ಇದನ್ನು ಜೂನ್ 1ರ ನಂತರದ್ದೆಂದು ಗಣಿಸಿ’ ಎಂದು ಹೇಳುವ ಅವಕಾಶವೂ ತಂಡಕ್ಕೆ ವರ್ಷಕ್ಕೆ ಇಬ್ಬರು ಆಟಗಾರರ ಮಟ್ಟಿಗೆ ಇದೆ. ಆದರೆ ಹಾಗೆ ಉಳಿದ ಹಣ ಕೈಗೆ ಸಿಗುವುದು ಜೂನ್‌ನಲ್ಲೇ. ಒಳ್ಳೆಯ ಆಟಗಾರರ ಪೇಟೆ ನಡೆಯುವುದು ಮಾರ್ಚ್‌ನಲ್ಲಿ. ಸಂತೆ ಮುಗಿದ ಮೇಲೆ ಸಿಕ್ಕ ರೊಕ್ಕಕ್ಕೆ ಉಳಿದ ಕಾಯಿಪಲ್ಯೆಯಷ್ಟೇ ಸಿಗುತ್ತದೆ.

ಇನ್ನು ‘ರೀಸ್ಟ್ರಕ್ಚರ್’ ಎಂಬ ಅಂಕಣ. ಇದೇ ಆಟಗಾರನ 1.2 ಕೋಟಿ ಸಂಬಳದಲ್ಲಿ 1 ಕೋಟಿಯನ್ನು ಬೋನಸ್ಸೆಂದು ಹೆಸರು ಬದಲಿಸಿ ಇಂದೇ ಕೊಟ್ಟುಬಿಟ್ಟರೆ, ಅದು ಉಳಿದ ಎರಡು ವರ್ಷಗಳಿಗೆ 50 ಲಕ್ಷದಂತೆ ಹಂಚಿಹೋಗುತ್ತದೆ. ಈ ವರ್ಷದ ಅಂಕಿ 20 ಲಕ್ಷ ಸಂಬಳ, 50 ಲಕ್ಷ ಹಳೆಯ ಬೋನಸ್, 50 ಲಕ್ಷ ಹೊಸ ಬೋನಸ್ ಕೂಡಿ 1.2 ಕೋಟಿಗೆ ಇಳಿಯುತ್ತದೆ. ಆಟಗಾರನಿಗೆ ಒಂದು ಪೈಸೆ ನಷ್ಟವಿಲ್ಲ, ಮೇಲಾಗಿ ರೊಕ್ಕ ಬೇಗ ಕೈಸೇರುತ್ತದೆ. ತಂಡಕ್ಕೆ 50 ಲಕ್ಷದ ಜಾಗ ಸಿಕ್ಕಿತು. ಸಾಲದಿದ್ದರೆ ಒಪ್ಪಂದದ ಕೊನೆಗೆ 3 ಹುಸಿ ವರ್ಷಗಳನ್ನು ಅಂಟಿಸಬಹುದು. ಅವುಗಳನ್ನು ‘ವಾಯ್ಡ್’ ವರ್ಷಗಳೆನ್ನುತ್ತಾರೆ. ಆ ವರ್ಷಗಳಲ್ಲಿ ಆಟಗಾರ ಆ ತಂಡಕ್ಕೆ ಆಡಬೇಕಾಗಿಯೇ ಇಲ್ಲ, ಅವು ಇರುವುದು ಲೆಕ್ಕಕ್ಕೆ ಮಾತ್ರ. ಆಗ ಆ 1 ಕೋಟಿ 5 ವರ್ಷಗಳಿಗೆ 20 ಲಕ್ಷದಂತೆ ಹರಡಿ, ಈ ವರ್ಷದ ಅಂಕಿ 90 ಲಕ್ಷಕ್ಕೆ ಬರುತ್ತದೆ. ನಾಲ್ಕನೆಯ ವರ್ಷ ಮುಗಿದು ಆಟಗಾರ ಬೇರೆ ಊರಿಗೆ ಹೋದ ದಿನ ಮಾತ್ರ, ಆ 3 ಹುಸಿ ವರ್ಷಗಳ 60 ಲಕ್ಷ ಒಟ್ಟಾಗಿ ಬಾಗಿಲು ಬಡಿಯುತ್ತದೆ.

ಮೊದಲ ವಾರ ನಾನು ಇದನ್ನು ಮನಸೋ ಇಚ್ಛೆ ಬಳಸಿದೆ. ಫೌಂಡ್ರಿಯ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿ, ರೊಟ್ಟಿ ಮುರಿಯುತ್ತ, ಎಡಗೈಯಿಂದ ಒಬ್ಬೊಬ್ಬರ ಒಪ್ಪಂದವನ್ನೂ ತಿದ್ದುತ್ತ ಹೋದಂತೆ ತಂಡದ ಕೈಯಲ್ಲಿ ಉಳಿದ ಜಾಗದ ಅಂಕಿ ಏರುತ್ತಲೇ ಇತ್ತು. ಸಾಲ ಮಾಡಿದವನಿಗೆ ಮೊದಲ ತಿಂಗಳು ತಾನು ಸಿರಿವಂತನಾದೆನೆಂದು ಅನಿಸುವ ಹಾಗೆ ನನಗೂ ಅನಿಸಿತು. ಆಮೇಲೆ ಮುಂದಿನ ವರ್ಷದ ಪುಟ ತೆರೆದು ನೋಡಿದೆ. ಅಲ್ಲಿ ನನ್ನದೇ ಕೈಬರಹದ ಬಾಕಿಗಳು ಸಾಲಾಗಿ ಕಾದು ಕುಳಿತಿದ್ದವು. ಅಂದಿನಿಂದ ಪ್ರತಿಯೊಂದು ಹೆಜ್ಜೆಯನ್ನೂ ಒಂದು ಹಳೆಯ ಕೀರ್ದಿ ಪುಸ್ತಕದಲ್ಲಿ ಬರೆದಿಡುವ ರೂಢಿ ಮಾಡಿಕೊಂಡೆ: ಎಡಕ್ಕೆ ಈ ವರ್ಷ ಉಳಿದದ್ದು, ಬಲಕ್ಕೆ ಯಾವ ವರ್ಷಕ್ಕೆ ಎಷ್ಟು ದಾಟಿಸಿದೆ ಎಂಬುದು. ಈ ಕ್ಯಾಲ್ಕುಲೇಟರ್ ಬಳಸುವ ಯಾರಿಗಾದರೂ ನಾನು ಕೊಡುವ ಸಲಹೆ ಇದೊಂದೇ.

ಹೊಸಬರು ಎಡವುವ ಇನ್ನೊಂದು ಜಾಗವಿದೆ. ಬಿಡುವಿನ ತಿಂಗಳುಗಳಲ್ಲಿ ಒಂದು ತಂಡ 90 ಆಟಗಾರರನ್ನು ಇಟ್ಟುಕೊಳ್ಳಬಹುದು. ಆಟ ಆರಂಭವಾಗುವ ಹೊತ್ತಿಗೆ ಅದನ್ನು 53ಕ್ಕೆ ಇಳಿಸಬೇಕು. ತೊಂಬತ್ತೂ ಜನರ ಸಂಬಳವನ್ನು ಲೆಕ್ಕಕ್ಕೆ ಹಿಡಿದರೆ ಯಾರ ಮಿತಿಯೂ ಉಳಿಯಲಾರದು. ಆದ್ದರಿಂದ ಆ ತಿಂಗಳುಗಳಲ್ಲಿ ಅಂಕಿ ಹೆಚ್ಚಿರುವ 51 ಜನರನ್ನು ಪೂರ್ತಿಯಾಗಿ ಹಿಡಿದು, ಉಳಿದವರ ಹಂಚಿದ ಬೋನಸ್ಸನ್ನು ಮಾತ್ರ ಸೇರಿಸುತ್ತಾರೆ. ಇದರ ಪರಿಣಾಮ ಸೂಕ್ಷ್ಮವಾದದ್ದು. ಮೇಲಿನ ಉದಾಹರಣೆಯ ಆಟಗಾರನನ್ನು ಬಿಟ್ಟಾಗ 70 ಲಕ್ಷ ಉಳಿಯಿತೆಂದು ನಾವು ಕುಣಿಯುವಂತಿಲ್ಲ, ಏಕೆಂದರೆ ಅವನು ಹೋದ ಜಾಗಕ್ಕೆ 52ನೆಯವನು ಮೇಲೇರಿ ಬರುತ್ತಾನೆ. ಅವನು 2025ರ ಸಾಲಿನ ಹೊಸ ಆಟಗಾರನ ಕನಿಷ್ಠ ಸಂಬಳವಾದ 8.4 ಲಕ್ಷ ಡಾಲರ್‌ನವನಾಗಿದ್ದರೆ ನಿಜವಾದ ಉಳಿತಾಯ 61.6 ಲಕ್ಷ. ಹಾಗೆಯೇ ಹೊಸಬನೊಬ್ಬನನ್ನು ಸೇರಿಸಿಕೊಂಡಾಗ ಪಟ್ಟಿಯ ಕೆಳಗಿನವನೊಬ್ಬ ಹೊರಗೆ ಜಾರುವುದರಿಂದ ಖರ್ಚು ಕಂಡಷ್ಟು ಇರುವುದಿಲ್ಲ. ಏಪ್ರಿಲ್‌ನ 7 ಸುತ್ತಿನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಬರುವ ಹೊಸ ಹುಡುಗರಿಗೆ ಹಣ ತೆಗೆದಿರಿಸುವಾಗಲೂ ಈ ಕಳೆಯುವಿಕೆ ಅನ್ವಯಿಸುತ್ತದೆ.

ಅಣ್ಣನ ಮಗನ ಪ್ರಶ್ನೆಗೆ ಮರಳುತ್ತೇನೆ. ಡೆನ್ವರ್ ತಂಡ 2022ರಲ್ಲಿ ಸಿಯಾಟಲ್‌ನಿಂದ ರಸೆಲ್ ವಿಲ್ಸನ್ ಎಂಬ ಕ್ವಾರ್ಟರ್‌ಬ್ಯಾಕ್ ಆಟಗಾರನನ್ನು, ಅಂದರೆ ಚೆಂಡೆಸೆದು ತಂಡದ ದಾಳಿಯನ್ನು ನಡೆಸುವವನನ್ನು, ತಂದು, ಅವನು ಹೊಸ ತಂಡಕ್ಕೆ ಒಂದು ಪಂದ್ಯವನ್ನೂ ಆಡುವ ಮೊದಲೇ 5 ವರ್ಷಕ್ಕೆ 24.5 ಕೋಟಿ ಡಾಲರ್‌ಗಳ ವಿಸ್ತರಣೆಗೆ ಸಹಿ ಹಾಕಿತು. ಎರಡು ಸಾಲು ಮುಗಿಯುವಷ್ಟರಲ್ಲಿ ಅವನನ್ನು ಬಿಡಲು ನಿರ್ಧರಿಸಿತು. ಆಗ ಪುಸ್ತಕದಲ್ಲಿ ಉಳಿದ ಸತ್ತ ಹಣ 8.5 ಕೋಟಿ ಡಾಲರ್. ಅಷ್ಟು ದೊಡ್ಡ ಮೊತ್ತ ಅಲ್ಲಿಯವರೆಗೆ ಯಾವ ತಂಡಕ್ಕೂ ಬಂದಿರಲಿಲ್ಲ. ಜೂನ್ 1ರ ನಿಯಮವನ್ನು ಬಳಸಿ ಅದನ್ನು 2024ಕ್ಕೆ 5.3 ಕೋಟಿ, 2025ಕ್ಕೆ 3.2 ಕೋಟಿ ಎಂದು ಒಡೆದರು. 2024ರ ಮಿತಿಯಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹಣ, ಬೇರೆ ಊರಿನಲ್ಲಿ ಆಡುತ್ತಿದ್ದ ಒಬ್ಬನ ಹೆಸರಿನಲ್ಲಿತ್ತು. ಇಲ್ಲಿ ಇನ್ನೊಂದು ತಿರುವೂ ಇದೆ: 2024ರ ಅವನ 3.9 ಕೋಟಿ ಸಂಬಳಕ್ಕೆ ಖಾತರಿ ಇದ್ದುದರಿಂದ ಅವನನ್ನು ಬಿಟ್ಟರೂ ಕೊಡಲೇಬೇಕಿತ್ತು. ಅವನು ಪಿಟ್ಸ್‌ಬರ್ಗ್ ತಂಡದಲ್ಲಿ ಪಡೆದಷ್ಟನ್ನು ಅದರಲ್ಲಿ ಕಳೆಯಬಹುದಿತ್ತು. ಪಿಟ್ಸ್‌ಬರ್ಗ್‌ನವರು ಜಾಣತನದಿಂದ ಕನಿಷ್ಠ ಸಂಬಳವಾದ 12.1 ಲಕ್ಷವನ್ನಷ್ಟೇ ಕೊಟ್ಟರು. ಡೆನ್ವರ್‌ನ ಹೊರೆ ಅಷ್ಟೇ ಇಳಿಯಿತು. ಊಟ ಇನ್ನೊಬ್ಬರ ಮನೆಯಲ್ಲಿ, ಕಿರಾಣಿ ಅಂಗಡಿಯ ಉದ್ರಿ ನಮ್ಮ ಹೆಸರಿನಲ್ಲಿ ಎಂದು ನಾನು ಹೇಳಿದಾಗ ಅಣ್ಣನ ಮಗ ಫೋನಿನಲ್ಲಿ ಬಹಳ ಹೊತ್ತು ನಕ್ಕ, ಆಮೇಲೆ ನಗು ನಿಲ್ಲಿಸಿ ನಿಟ್ಟುಸಿರು ಬಿಟ್ಟ.

ಈ ಜಾಲತಾಣದ ಅಂಕಣಗಳು ಅಷ್ಟನ್ನೂ ತೋರಿಸುತ್ತವೆ. ಆದರೆ ಮುಂದೆ ನಡೆದದ್ದನ್ನು ಯಾವ ಅಂಕಣವೂ ಹೇಳಲಾರದಾಗಿತ್ತು. ಡೆನ್ವರ್ 2024ರ ಡ್ರಾಫ್ಟ್‌ನಲ್ಲಿ 12ನೆಯ ಆಯ್ಕೆಯಾಗಿ ಬೊ ನಿಕ್ಸ್ ಎಂಬ ಹೊಸ ಹುಡುಗನನ್ನು ತೆಗೆದುಕೊಂಡಿತು. ಮೊದಲ ಒಪ್ಪಂದದ ಹುಡುಗರ ಸಂಬಳ ಆಯ್ಕೆಯ ಕ್ರಮಾಂಕಕ್ಕೆ ತಕ್ಕಂತೆ ಬಹುಮಟ್ಟಿಗೆ ಮೊದಲೇ ನಿಗದಿಯಾಗಿರುತ್ತದೆ, ಅಗ್ಗವೂ ಆಗಿರುತ್ತದೆ. ಸತ್ತ ಹಣದ ಅಷ್ಟು ದೊಡ್ಡ ಗಂಟನ್ನು ಹೊತ್ತುಕೊಂಡೇ ಆ ತಂಡ 10 ಪಂದ್ಯ ಗೆದ್ದು, 7 ಸೋತು, 2015ರ ಸಾಲಿನ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿತು. ನನ್ನ ಕೀರ್ದಿಯ ಪ್ರಕಾರ ಅದು ಆಗಬಾರದಿತ್ತು. ಹಾಗೆಯೇ, ಹುಸಿ ವರ್ಷಗಳನ್ನು ಧಾರಾಳವಾಗಿ ಬಳಸುವ ಫಿಲಡೆಲ್ಫಿಯಾ ತಂಡವನ್ನು ನಾನು ಸಾಲಗಾರರ ಪಟ್ಟಿಗೆ ಸೇರಿಸಿ ಮೂಗು ಮುರಿದಿದ್ದೆ. 2025ರ ಫೆಬ್ರವರಿಯಲ್ಲಿ ಅದು ಕ್ಯಾನ್ಸಸ್ ಸಿಟಿಯನ್ನು 40–22ರಿಂದ ಸೋಲಿಸಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಮಿತಿ ವರ್ಷವರ್ಷವೂ ಏರುತ್ತಿರುವಾಗ ಇಂದಿನ ಬಾಕಿಯನ್ನು ನಾಳಿನ ದೊಡ್ಡ ಮಿತಿಯಲ್ಲಿ ತೀರಿಸುವುದು ಅವಿವೇಕವಲ್ಲ ಎಂದು ಆಮೇಲೆ ಒಪ್ಪಿಕೊಂಡೆ. ಅದು ಏರುವುದು ನಿಂತರೆ ಏನಾಗುತ್ತದೆ ಎಂಬುದೂ ದಾಖಲೆಯಲ್ಲಿದೆ: ಕೋವಿಡ್‌ನಿಂದ ಮೈದಾನಗಳು ಖಾಲಿ ಬಿದ್ದ ಮೇಲೆ 2020ರಲ್ಲಿ 19.82 ಕೋಟಿ ಇದ್ದ ಮಿತಿ 2021ರಲ್ಲಿ 18.25 ಕೋಟಿಗೆ ಇಳಿಯಿತು. ಬಾಕಿಯನ್ನು ಮುಂದಕ್ಕೆ ತಳ್ಳುತ್ತ ಬಂದಿದ್ದ ನ್ಯೂ ಓರ್ಲಿಯನ್ಸ್‌ನಂಥ ತಂಡಗಳು ಆ ವಸಂತದಲ್ಲಿ ಪಟ್ಟ ಪಾಡನ್ನು ನೋಡಬೇಕಿತ್ತು. ಅಲ್ಲಿನ ಹಿರಿಯ ಆಟಗಾರ ಡ್ರೂ ಬ್ರೀಸ್ ನಿವೃತ್ತಿಗೆ ಮೊದಲು ತನ್ನ 2.5 ಕೋಟಿ ಸಂಬಳವನ್ನು ಕನಿಷ್ಠ ಮಟ್ಟಕ್ಕೆ ಇಳಿಸಿಕೊಟ್ಟದ್ದು ಆ ಹೊತ್ತಿನಲ್ಲೇ.

ಉಪಕರಣದ ಮಿತಿಗಳ ಬಗ್ಗೆಯೂ ಹೇಳಬೇಕು. ಅದು ಪೂರ್ತಿಯಾಗಿ ಇಂಗ್ಲಿಷ್‌ನಲ್ಲಿದೆ, ಮತ್ತು ಓದುವವನಿಗೆ ನಿಯಮಗಳು ಗೊತ್ತಿವೆ ಎಂದು ಭಾವಿಸಿಕೊಂಡೇ ಮಾತಾಡುತ್ತದೆ. ಅಂಕಣಗಳು ಬಹಳ ಇರುವುದರಿಂದ ಮೊಬೈಲಿಗಿಂತ ದೊಡ್ಡ ಪರದೆಯಲ್ಲಿ ನೋಡುವುದು ಮೇಲು. ಒಪ್ಪಂದ ತಿದ್ದುವುದಕ್ಕೆ ಆಟಗಾರನೂ ಅವನ ಏಜೆಂಟನೂ ಏನನ್ನುವರು, ಬೇರೆ ತಂಡದವರು ಆ ಆಟಗಾರನನ್ನು ಬೇಕೆನ್ನುವರೇ, ಅವನ ಮೊಣಕಾಲು ಇನ್ನೆಷ್ಟು ವರ್ಷ ತಾಳುತ್ತದೆ ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ. ಇವು ದೋಷಗಳೆಂದು ನಾನು ಹೇಳುವುದಿಲ್ಲ; ತಕ್ಕಡಿ ಅಕ್ಕಿಯ ತೂಕ ಹೇಳುತ್ತದೆ, ಅನ್ನದ ರುಚಿಯನ್ನಲ್ಲ. ಆಟದ ಗಂಧವೇ ಇಲ್ಲದ ನನ್ನಂಥವನಿಗೆ ಇದು ಎರಡು ವಾರದಲ್ಲಿ ಕೈಗೆ ಹತ್ತಿತು. ಲೆಕ್ಕಶಾಸ್ತ್ರ ಓದುತ್ತಿರುವ ಹುಡುಗರಿಗೆ ಸವಕಳಿ, ಮುಂಗಡ ಪಾವತಿ, ಬಾಕಿ ವರ್ಗಾವಣೆ ಇವನ್ನು ಕಲಿಸಲು ಪಠ್ಯದ ಉದಾಹರಣೆಗಳಿಗಿಂತ ಇದು ಚೆನ್ನ ಎಂಬುದು ನನ್ನ ಅಭಿಪ್ರಾಯ. ನಮ್ಮ ಕಚೇರಿಗೆ ತರಬೇತಿಗೆಂದು ಬಂದ ಬಿ.ಕಾಂ. ಹುಡುಗನಿಗೆ ಹೀಗೆಯೇ ಕಲಿಸಿದೆ. ಅವನು ಈಗ ನನ್ನ ತಂಡಕ್ಕಿಂತ ಅಗ್ಗದ ತಂಡ ಕಟ್ಟುತ್ತಾನೆ.

ನನ್ನ ಮಟ್ಟಿಗೆ ಒಂದೇ ತೊಡಕು ಉಳಿದಿದೆ. ಅವರ ಹೊಸ ವರ್ಷ ತೆರೆದು ಆಟಗಾರರ ಪೇಟೆ ಬಿಸಿಯೇರುವುದು ಮಾರ್ಚ್‌ನ ನಡುವಿನಲ್ಲಿ, ನಮ್ಮ ಫೌಂಡ್ರಿಯ ಲೆಕ್ಕ ಮುಗಿಸಬೇಕಾದದ್ದು ಮಾರ್ಚ್ 31ಕ್ಕೆ. ಆ ಹದಿನೈದು ದಿನ ನನಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಏಪ್ರಿಲ್ ಮೊದಲ ವಾರ ಡೆನ್ವರ್‌ನ ಪುಟವನ್ನು ತೆರೆಯುವ ಹೊತ್ತಿಗೆ ಒಳ್ಳೆಯ ಆಟಗಾರರೆಲ್ಲ ಎಲ್ಲೆಲ್ಲಿಯೋ ಸಹಿ ಹಾಕಿ ಹೋಗಿರುತ್ತಾರೆ, ಅಣ್ಣನ ಮಗನಿಂದ ಮೂರು ಮಿಸ್ಡ್ ಕಾಲ್ ಬಂದಿರುತ್ತವೆ.